ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ, 1978

ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯು 1978ರ ನವೆಂಬರ್ 5ರಂದು ನಡೆಯಿತು. ಮಾಜಿ ಪ್ರಧಾನಿ ಇಂದಿರಾ ಗಾಂಧಿಯವರು ಇಂದಿರಾ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಸ್ಪರ್ಧಿಸಿ, ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 77,333 ಮತಗಳ ಅಂತರದಿಂದ ಸೋಲಿಸಿದರು. ಸಾಮಾನ್ಯವಾಗಿ ಇದನ್ನು ಇಂದಿರಾ ಅವರ ರಾಜಕೀಯ ಪುನರಾಗಮನದ ಮೊದಲ ಮೆಟ್ಟಿಲೆಂದು ನೆನೆಯಲಾಗುತ್ತದೆ. ಮತದಾರರ ವರ್ತನೆಯನ್ನು ಅಧ್ಯಯನ ಮಾಡುವವರಿಗೆ ಇದು ಇನ್ನೊಂದು ಕಾರಣದಿಂದಲೂ ಮುಖ್ಯ: ಕಾಫಿ ತೋಟದ ಕೂಲಿಯವರು, ಗೇಣಿದಾರರು ಹಾಗೂ ಸಣ್ಣ ಬೆಳೆಗಾರರು ಒಡೆಯರ ಮಾತಿನಂತೆ ಮತ ಹಾಕಿದರೇ, ಸ್ವಂತ ಇಚ್ಛೆಯಿಂದ ಹಾಕಿದರೇ ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ.

ಹಿನ್ನೆಲೆ

1977ರ ಮಹಾಚುನಾವಣೆಯಲ್ಲಿ ಕಾಂಗ್ರೆಸ್ ಉತ್ತರ ಭಾರತದಲ್ಲಿ ನೆಲಕಚ್ಚಿತು. ರಾಯಬರೇಲಿಯಲ್ಲಿ ಇಂದಿರಾ ಅವರೇ ರಾಜ್ ನಾರಾಯಣ್ ಅವರೆದುರು ಸೋತರು. ಕರ್ನಾಟಕದಲ್ಲಿ ಮಾತ್ರ ಆ ಪಕ್ಷ 28ರಲ್ಲಿ 26 ಸ್ಥಾನಗಳನ್ನು ಉಳಿಸಿಕೊಂಡಿತು. ಜನತಾ ಪಕ್ಷಕ್ಕೆ ದೊರೆತ ಎರಡು ಕ್ಷೇತ್ರಗಳಲ್ಲಿ ಒಂದು ನೆರೆಯ ಹಾಸನ. 1978ರ ಜನವರಿಯಲ್ಲಿ ಪಕ್ಷ ಒಡೆದಾಗ ಮುಖ್ಯಮಂತ್ರಿ ಡಿ. ದೇವರಾಜ ಅರಸು ಇಂದಿರಾ ಪರ ನಿಂತರು. ಮರುತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಅವರ ಬಣಕ್ಕೆ 224ರಲ್ಲಿ 149 ಸ್ಥಾನಗಳು ಬಂದವು. ಇಂದಿರಾ ಅವರನ್ನು ಸಂಸತ್ತಿಗೆ ಕಳುಹಿಸಲು ಸುರಕ್ಷಿತ ಕ್ಷೇತ್ರವೊಂದನ್ನು ಹುಡುಕಿದಾಗ, ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರಾದ ಸಂಸದ ಡಿ. ಬಿ. ಚಂದ್ರೇಗೌಡರು ರಾಜೀನಾಮೆ ನೀಡಿ ಸ್ಥಾನ ತೆರವು ಮಾಡಿಕೊಟ್ಟರು.

ಕ್ಷೇತ್ರ

ಅಂದಿನ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಒಂದೇ ಬಗೆಯ ಭೂಮಿಯಲ್ಲ. ಪೂರ್ವಕ್ಕೆ ಕಡೂರು, ತರೀಕೆರೆಗಳ ಬಯಲು. ನಡುವೆ ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿಗಳ ಮಲೆನಾಡು. ಘಟ್ಟದ ಕೆಳಗೆ ಕಾರ್ಕಳ, ಬೆಳ್ತಂಗಡಿ. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಕಳಸ ಆಗ ಮೂಡಿಗೆರೆಗೆ ಸೇರಿತ್ತು.

ಅರಸು ಸರ್ಕಾರದ ಭೂಸುಧಾರಣೆಯು ಈ ಮೂರು ಭಾಗಗಳನ್ನು ಒಂದೇ ರೀತಿಯಲ್ಲಿ ಮುಟ್ಟಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಗೇಣಿ ಪದ್ಧತಿಯನ್ನು ರದ್ದುಗೊಳಿಸಿತು. ಗೇಣಿದಾರರು ಹೆಚ್ಚಾಗಿದ್ದ ಕರಾವಳಿಯಲ್ಲಿ ಇದರ ಪರಿಣಾಮ ದೊಡ್ಡದು. ಆದರೆ ಕಾಫಿ, ಏಲಕ್ಕಿ, ಕಾಳುಮೆಣಸಿನ ತೋಟಗಳಿಗೆ ಭೂಮಿತಿಯ ನಿಯಮದಿಂದ ವಿನಾಯಿತಿ ಇತ್ತು. ಹೀಗಾಗಿ ಬೆಳ್ತಂಗಡಿಯ ಗೇಣಿದಾರನಿಗೆ ಹೊಲದ ಒಡೆತನದ ದಾರಿ ತೆರೆಯಿತು. ಕಳಸದ ತೋಟದ ಲೈನು ಮನೆಯಲ್ಲಿದ್ದ ಕೂಲಿಯವನಿಗೆ ಅದೇ ಕಾನೂನಿನಿಂದ ತೋಟದ ನೆಲವೇನೂ ಸಿಗಲಿಲ್ಲ. ‘ಭೂಸುಧಾರಣೆಯೇ ಇಂದಿರಾರನ್ನು ಗೆಲ್ಲಿಸಿತು’ ಎಂಬ ಸರಳ ವಿವರಣೆ ಕಾಫಿ ಸೀಮೆಗೆ ಬಂದಾಗ ಪೂರ್ತಿ ಹೊಂದದಿರುವುದು ಈ ಕಾರಣಕ್ಕೆ.

ಪ್ರಚಾರ ಮತ್ತು ಫಲಿತಾಂಶ

ಜನತಾ ಪಕ್ಷದ ಪ್ರಚಾರದ ಮುಂಚೂಣಿಯಲ್ಲಿ ಕೇಂದ್ರ ಸಚಿವ ಜಾರ್ಜ್ ಫರ್ನಾಂಡಿಸ್ ಇದ್ದರು. ವೀರೇಂದ್ರ ಪಾಟೀಲರು ಮಾಜಿ ಮುಖ್ಯಮಂತ್ರಿ. ಆದರೆ ಕಲಬುರಗಿ ಸೀಮೆಯವರಾದ ಅವರೂ ಮಲೆನಾಡಿಗೆ ಹೊರಗಿನವರೇ. ಒಂದು ಸಿಂಹಿಣಿಗೆ ನೂರು ಮುಸುವಗಳನ್ನು ಎದುರಾಗಿಸಿ ಚಿಕ್ಕಮಗಳೂರಿನ ಹೆಸರಿನೊಂದಿಗೆ ಪ್ರಾಸ ಕಟ್ಟಿದ ಹಿಂದಿ ಘೋಷಣೆ ದೇಶದಾದ್ಯಂತ ಹೆಸರಾಯಿತು. ಕನ್ನಡ, ತುಳು, ತಮಿಳು ಮಾತನಾಡುವ ತೋಟಗಳಿಗಿಂತ ದೆಹಲಿಯ ಕಿವಿಗೇ ಅದು ಹೆಚ್ಚು ಹೊಂದುತ್ತಿತ್ತು.

ಇಂದಿರಾ ಗಾಂಧಿಯವರಿಗೆ 2,49,376 ಮತಗಳೂ ಪಾಟೀಲರಿಗೆ 1,72,043 ಮತಗಳೂ ದೊರೆತವು.

ಮತದಾನ ವರ್ತನೆಯ ಅಧ್ಯಯನದಲ್ಲಿ

ಮತಗಳನ್ನು ಕೊಡಿಸುವ ಊರ ಯಜಮಾನಿಕೆಯ ಕುರಿತ ಚರ್ಚೆಗೆ ಕರ್ನಾಟಕದಲ್ಲೇ ಹಳೆಯ ಬೇರಿದೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ 1955ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಬಳಸಿದರು. ಅಲ್ಲಿ ಅದರ ಅರ್ಥ ಆಶ್ರಯದಾತನ ಹಿಡಿತದಲ್ಲಿದ್ದ ಆಶ್ರಿತರ ಮತ. ಇಡೀ ಜಾತಿಯ ಮತ ಎಂಬ ಇಂದಿನ ರೂಢಿಯ ಅರ್ಥ ನಂತರದ್ದು. ಮನೆ, ಕೂಲಿ, ಮುಂಗಡ ಎಲ್ಲವೂ ಒಬ್ಬನೇ ಸಾಹುಕಾರನಿಂದ ಬರುವ ಕಾಫಿ ತೋಟಕ್ಕೆ ಶ್ರೀನಿವಾಸರ ಮೂಲ ಅರ್ಥ ಚೆನ್ನಾಗಿ ಒಪ್ಪುವಂತೆ ಕಾಣುತ್ತದೆ.

ರಾಜ್ಯಶಾಸ್ತ್ರಜ್ಞ ಜೇಮ್ಸ್ ಮ್ಯಾನರ್ ಅವರ ಬರಹಗಳು ಇದಕ್ಕೆ ಇನ್ನೊಂದು ಮುಖವನ್ನು ಕೊಡುತ್ತವೆ. 1977ರಲ್ಲಿ ಕಾಂಗ್ರೆಸ್ ಉಳಿದ ರಾಜ್ಯಗಳನ್ನೂ ಅರಸು ಆಡಳಿತವನ್ನೂ ಅಭ್ಯಸಿಸಿದ ಅವರು, ಲಿಂಗಾಯತ ಹಾಗೂ ಒಕ್ಕಲಿಗ ಪ್ರಾಬಲ್ಯದ ಹೊರಗಿದ್ದ ಹಿಂದುಳಿದವರು, ದಲಿತರು ಮತ್ತು ಅಲ್ಪಸಂಖ್ಯಾತರನ್ನು ಅರಸು ರಾಜಕೀಯ ಶಕ್ತಿಯಾಗಿ ಕೂಡಿಸಿದ ಬಗೆಯನ್ನು ವಿವರಿಸಿದರು. ಈ ದೃಷ್ಟಿಯಲ್ಲಿ ನೋಡಿದರೆ ಬಡವರ ಮತವು ಒಡೆಯನಿಂದ ಬಿಡಿಸಿಕೊಂಡು ಬಂದ ಮತ.

ಇವೆರಡರಲ್ಲಿ ಯಾವುದು ಸರಿ ಎಂಬುದನ್ನು ಫಲಿತಾಂಶದ ಒಟ್ಟು ಅಂಕಿಯಿಂದ ತೀರ್ಮಾನಿಸಲಾಗದು. ಸಮೂಹದ ಅಂಕಿಯಿಂದ ವ್ಯಕ್ತಿಯ ಆಯ್ಕೆಯನ್ನು ಊಹಿಸುವುದರ ಅಪಾಯವನ್ನು ಅಮೆರಿಕದ ಡಬ್ಲ್ಯು. ಎಸ್. ರಾಬಿನ್ಸನ್ 1950ರಲ್ಲೇ ತೋರಿಸಿದ್ದರು. ಕೂಲಿಯವರು ಹೆಚ್ಚಿರುವ ಊರಿನಲ್ಲಿ ಒಂದು ಪಕ್ಷಕ್ಕೆ ಹೆಚ್ಚು ಮತ ಬಿದ್ದರೆ, ಆ ಮತ ಕೂಲಿಯವರದೇ ಎಂದು ಹೇಳಲಾಗದು. ಅದಕ್ಕೆ ಮತದಾರರನ್ನೇ ಒಬ್ಬೊಬ್ಬರಾಗಿ ಮಾತನಾಡಿಸಬೇಕು. ದೆಹಲಿಯ ಅಭಿವೃದ್ಧಿಶೀಲ ಸಮಾಜಗಳ ಅಧ್ಯಯನ ಕೇಂದ್ರವು 1967 ಮತ್ತು 1971ರಲ್ಲಿ ಅಂಥ ರಾಷ್ಟ್ರೀಯ ಸಮೀಕ್ಷೆಗಳನ್ನು ನಡೆಸಿತ್ತು. ಆದರೂ ಅಂದಿನ ಭಾರತದಲ್ಲಿ ಅವು ಇಂದಿನಷ್ಟು ಸಾಮಾನ್ಯವಾಗಿರಲಿಲ್ಲ. ಮೇಸ್ತ್ರಿಯೋ ರೈಟರೋ ಪಕ್ಕದಲ್ಲಿದ್ದಾಗ ಲೈನು ಮನೆಯವರು ಕೊಡುವ ಉತ್ತರವನ್ನು ಎಷ್ಟು ನಂಬಬೇಕು ಎಂಬುದು ತೋಟದಲ್ಲಿ ಸಮೀಕ್ಷೆ ಮಾಡುವವರಿಗೆ ಬೇರೆಯೇ ತೊಡಕು.

ಗೆಲುವು ಅರಸು ಅವರದೋ ಇಂದಿರಾ ಅವರದೋ ಎಂಬ ಪ್ರಶ್ನೆಗೆ ಮುಂದಿನ ಚುನಾವಣೆಗಳೇ ಸ್ವಲ್ಪ ಬೆಳಕು ಚೆಲ್ಲುತ್ತವೆ. 1979ರಲ್ಲಿ ಇಬ್ಬರೂ ಬೇರೆಯಾದರು. 1980ರಲ್ಲಿ ಇಂದಿರಾ ಕಾಂಗ್ರೆಸ್ ಕರ್ನಾಟಕದ 27 ಲೋಕಸಭಾ ಸ್ಥಾನಗಳನ್ನು ಗೆದ್ದರೆ ಅರಸು ಅವರ ಪಕ್ಷಕ್ಕೆ ಒಂದೂ ಬರಲಿಲ್ಲ. ಚಿಕ್ಕಮಗಳೂರಿನಲ್ಲೂ ಇಂದಿರಾ ಕಾಂಗ್ರೆಸ್ಸಿನ ಡಿ. ಎಂ. ಪುಟ್ಟೇಗೌಡ ಆಯ್ಕೆಯಾದರು. ಹಾಗೆಂದು ಅದು ಕಣ್ಮುಚ್ಚಿದ ನಿಷ್ಠೆಯಾಗಿರಲಿಲ್ಲ: 1984ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿಗೆ 24 ಲೋಕಸಭಾ ಸ್ಥಾನ ಕೊಟ್ಟ ರಾಜ್ಯದ ಮತದಾರರು, ಮೂರೇ ತಿಂಗಳಲ್ಲಿ ವಿಧಾನಸಭೆಗೆ ಜನತಾ ಪಕ್ಷದ 139 ಮಂದಿಯನ್ನು ಆರಿಸಿದರು.

ನಂತರ

ಸಂಸತ್ತಿನ ಹಕ್ಕುಚ್ಯುತಿಯ ಆರೋಪದ ಮೇಲೆ ಇಂದಿರಾ ಅವರನ್ನು 1978ರ ಡಿಸೆಂಬರ್ 19ರಂದು ಲೋಕಸಭೆಯಿಂದ ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳುಹಿಸಲಾಯಿತು; ಚಿಕ್ಕಮಗಳೂರಿನ ಪ್ರತಿನಿಧಿಯಾಗಿ ಅವರು ಉಳಿದದ್ದು ಆರು ವಾರಗಳಷ್ಟೆ. 1981ರಲ್ಲಿ ಏಳನೆಯ ಲೋಕಸಭೆ ಆ ನಿರ್ಣಯವನ್ನು ರದ್ದುಗೊಳಿಸಿತು. ಸೋತ ವೀರೇಂದ್ರ ಪಾಟೀಲರು ಮುಂದೆ ಇಂದಿರಾ ಅವರ ಪಕ್ಷವನ್ನೇ ಸೇರಿ 1989ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು ವಿಧಾನಸಭೆಯ ಸಭಾಧ್ಯಕ್ಷರಾದರು. 2008ರ ಪುನರ್ವಿಂಗಡಣೆಯಲ್ಲಿ ಹಳೆಯ ಕ್ಷೇತ್ರ ಇಲ್ಲವಾಗಿ, ಉಡುಪಿ ಚಿಕ್ಕಮಗಳೂರು ಕ್ಷೇತ್ರ ರಚನೆಯಾಯಿತು.