ಅಡಿಕೆ ರೋಗಗಳ ಮುಂಗುರುತು: ಮಲೆನಾಡಿನ ತೋಟಗಳಲ್ಲಿ ದೂರಸಂವೇದನೆಯ ಸಾಧ್ಯತೆ ಮತ್ತು ಮಿತಿ

ಮುತ್ತಿನಕೊಪ್ಪ, ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಸೀಮೆಯ ಅಡಿಕೆ ಬೆಳೆಗಾರರನ್ನು ಕೊಳೆರೋಗ, ಹಳದಿ ಎಲೆ ರೋಗ, ಎಲೆಚುಕ್ಕೆ ರೋಗ ಮೂರೂ ಕಾಡುತ್ತಿವೆ. ಇವನ್ನು ಆಕಾಶದಿಂದ ಮೊದಲೇ ಗುರುತಿಸಬಹುದೇ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಲ್ಲದು. ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬುದಕ್ಕಿಂತ, ರೋಗ ಮರದ ಯಾವ ಭಾಗದಲ್ಲಿ ತೊಡಗುತ್ತದೆ ಎಂಬುದೇ ಇಲ್ಲಿ ಮುಖ್ಯ ಎನ್ನುವುದು ಈ ಲೇಖನದ ವಾದ.

ಭಾರತದಲ್ಲಿ ದೂರಸಂವೇದನೆ ಆರಂಭವಾದದ್ದೇ ಇಂಥದೊಂದು ರೋಗದ ಬೆನ್ನು ಹತ್ತಿ. 1970ರ ಸುಮಾರಿಗೆ ವಿಜ್ಞಾನಿ ಪಿ.ಆರ್. ಪಿಷಾರೋಟಿ ಅವರ ನೇತೃತ್ವದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಬೇರುಸೊರಗು ರೋಗವನ್ನು ಅವಕೆಂಪು ಫಿಲ್ಮಿನಲ್ಲಿ ಸೆರೆಹಿಡಿಯಲಾಯಿತು. ಆರೋಗ್ಯವಂತ ಎಲೆಯ ಒಳಕೋಶಗಳು ಅವಕೆಂಪು ಕಿರಣವನ್ನು ಹೇರಳವಾಗಿ ಪ್ರತಿಫಲಿಸುವುದರಿಂದ ಆ ಫಿಲ್ಮಿನಲ್ಲಿ ಕಡುಗೆಂಪಾಗಿ ಕಾಣುತ್ತವೆ. ಸೊರಗಿದ ಮರದಲ್ಲಿ ಆ ಕೆಂಪು ಮಾಸುತ್ತದೆ. ಈ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ತಿಳಿದದ್ದು ಆಮೇಲೆ. ಅಡಿಕೆಯ ಹಳದಿ ಎಲೆ ರೋಗಕ್ಕೂ ಫೈಟೋಪ್ಲಾಸ್ಮಾವೇ ಕಾರಣ. ಗಿಡರಸ ಹೀರುವ ಪ್ರೌಟಿಸ್ಟಾ ಮೋಯೆಸ್ಟಾ ಎಂಬ ಜಿಗಿಹುಳು ಅದನ್ನು ಹರಡುತ್ತದೆ.

ಮೂರರಲ್ಲಿ ದೂರಸಂವೇದನೆಗೆ ಹೆಚ್ಚು ಒದಗುವುದು ಇದೇ ರೋಗ. ಹಳದಿ ಬಣ್ಣ ಸೋಗೆಯ ಗರಿಗಳ ತುದಿಯಿಂದ ತೊಡಗಿ ಒಳಕ್ಕೆ ಸರಿಯುತ್ತದೆ; ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಎದ್ದು ಕಾಣುತ್ತದೆ. ಆಗ ಆಕಾಶವೂ ತಿಳಿಯಾಗಿರುತ್ತದೆ. ಪತ್ರಹರಿತ್ತು ಕುಗ್ಗುವಾಗ ಮೊದಲು ಬದಲಾಗುವುದು ಕೆಂಪು ಮತ್ತು ಅವಕೆಂಪಿನ ನಡುವಿನ ಅಂಚು. ಸೆಂಟಿನೆಲ್-2 ಉಪಗ್ರಹ ಈ ಅಂಚನ್ನು 20 ಮೀಟರ್ ಚೌಕದಲ್ಲಿ ಅಳೆಯುತ್ತದೆ. ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್, ಅಂದರೆ ಒಂದು ಚೌಕದೊಳಗೆ ಸುಮಾರು 55 ಮರ, ಅವುಗಳ ಸಂದಿಯಲ್ಲಿ ಕಾಣುವ ಬಾಳೆ, ಏಲಕ್ಕಿ, ಕಾಫಿ, ಜೊತೆಗೆ ಗುಡ್ಡದ ನೆರಳು. ಎರಡು ಮೂರು ಮರಗಳ ಹಳದಿ ಇಲ್ಲಿ ಕರಗಿಹೋಗುತ್ತದೆ. ಹೀಗಾಗಿ ಉಪಗ್ರಹ ಯಾವ ಕಣಿವೆಗೆ ಮೊದಲು ಹೋಗಬೇಕೆಂದು ತೋರಿಸೀತು, ಯಾವ ಮರವೆಂದು ತೋರಿಸದು. ಮರವನ್ನು ಬಿಡಿಯಾಗಿ ನೋಡಲು ತಗ್ಗಿನಲ್ಲಿ ಹಾರುವ ಡ್ರೋನ್ ಬೇಕು.

ಎಲೆಚುಕ್ಕೆಯ ಸಂಗತಿ ಬೇರೆ. ಈ ಶಿಲೀಂಧ್ರ ರೋಗ ಕೆಳಗಿನ ಸೋಗೆಗಳಲ್ಲಿ ತೊಡಗಿ ಮೇಲೇರುತ್ತದೆ. ಮೇಲಿನಿಂದ ನೋಡುವ ಕಣ್ಣಿಗೆ ಹಸಿರು ಸೋಗೆಗಳೇ ಅದನ್ನು ಮುಚ್ಚಿಡುತ್ತವೆ. ಕೊಳೆರೋಗವಂತೂ ಮಳೆಗಾಲದ ಮೋಡದಡಿ, ಸೋಗೆಗಳ ಕೆಳಗಿನ ಕಾಯಿಗಳಿಗೆ ತಗಲುವಂಥದು. ರಾಡಾರ್ ಮೋಡ ಭೇದಿಸುತ್ತದೆ, ನಿಜ. ಆದರೆ ಅದು ಗ್ರಹಿಸುವುದು ಮರದ ರಚನೆ ಮತ್ತು ತೇವವನ್ನು, ಕೊಳೆತ ಕಾಯಿಯನ್ನಲ್ಲ. ಈ ಎರಡು ರೋಗಗಳಿಗೆ ಚಿತ್ರಕ್ಕಿಂತ ಮಳೆ ಮತ್ತು ತೇವಾಂಶದ ದಾಖಲೆ ಆಧರಿಸಿದ ಮುನ್ನೆಚ್ಚರಿಕೆಯೇ ಹೆಚ್ಚು ಉಪಯುಕ್ತ: ಬೋರ್ಡೋ ದ್ರಾವಣ ಹೊಡೆಯಲು ಸಿಗುವ ಬಿಸಿಲಿನ ಬಿಡುವು ತೀರ ಚಿಕ್ಕದು.

ಹಳದಿಯೆಲ್ಲ ರೋಗವೂ ಅಲ್ಲ. ಬಸಿಗಾಲುವೆ ಹೂಳು ತುಂಬಿ ನೀರು ನಿಂತರೂ, ಪೋಷಕಾಂಶ ಕೊರತೆಯಾದರೂ ಸೋಗೆ ಹಳದಿಯಾಗುತ್ತದೆ. ಆದ್ದರಿಂದ ಡ್ರೋನ್ ಚಿತ್ರದ ಜೊತೆಗೆ ರೋಗಾಣುವಿನ ಡಿಎನ್‌ಎ ಹುಡುಕುವ ಎಲೆಯ ಪಿಸಿಆರ್ ಪರೀಕ್ಷೆಯೂ, ಮರ ಹತ್ತುವ ಕೊನೆಗಾರನ ಮಾತೂ ದಾಖಲಾಗಬೇಕು. ಕೆಳಸೋಗೆಯ ಚುಕ್ಕೆಯನ್ನು ಹತ್ತಿರದಿಂದ ಕಾಣುವವನು ಆತ; ಸಮೀಕ್ಷೆಗಳಲ್ಲಿ ಆತನಿಗೆ ಹೆಸರುಳ್ಳ ಸ್ಥಾನ ಸಿಗಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಹಳದಿ ಎಲೆ ರೋಗಕ್ಕೆ ಮದ್ದಿಲ್ಲ. ಹಾಗಾದರೆ ಬೇಗ ಪತ್ತೆಹಚ್ಚಿ ಮಾಡುವುದೇನು? ನನ್ನ ದೃಷ್ಟಿಯಲ್ಲಿ ಈ ಚಿತ್ರಗಳ ದೊಡ್ಡ ಬೆಲೆ ಇರುವುದು ಹಳದಿಯಾಗದ ಮರಗಳಲ್ಲಿ. ರೋಗಪೀಡಿತ ತೋಟಗಳಲ್ಲಿ ತಾಳಿಕೊಂಡ ಮರಗಳನ್ನು ಆಯ್ದು ತಳಿ ಬೆಳೆಸುವ ಕೆಲಸದಲ್ಲಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೊಡಗಿದೆ. ವರ್ಷ ವರ್ಷವೂ ಅದೇ ತಿಂಗಳಲ್ಲಿ ಅದೇ ತೋಟದ ಚಿತ್ರ ತೆಗೆದರೆ, ಸುತ್ತಲಿನವು ಸೊರಗಿದರೂ ಹಸಿರು ಬಿಡದ ಮರ ಯಾವುದೆಂದು ನಕ್ಷೆಯಲ್ಲಿ ಗುರುತಿಸಬಹುದು. ಪರೀಕ್ಷೆಗೆ ಮಾದರಿ ತೆಗೆಯುವಾಗ ಮೊದಲು ಹೋಗಬೇಕಾದದ್ದು ಆ ಮರಗಳ ಬುಡಕ್ಕೆ.