ಟೇಪು ಎರಡನೇ ಸಲ ಸಿಕ್ಕಾಗ

ಕ್ಯಾಮೆರಾ ಹಿಡಿದವರು ಉಳಿಯುವುದಿಲ್ಲ, ಟೇಪು ಮಾತ್ರ ಉಳಿಯುತ್ತದೆ. ಫೌಂಡ್ ಫೂಟೇಜ್ ಎಂಬ ಭಯಾನಕ ಚಿತ್ರಗಳ ಬಗೆ ನಿಂತಿರುವುದೇ ಬಹುಮಟ್ಟಿಗೆ ಈ ಕರಾರಿನ ಮೇಲೆ. ಹಾಗಾದರೆ ಎರಡನೆಯ ಭಾಗ ಯಾರ ಕಥೆ ಹೇಳಬೇಕು? ಕಥೆಯಲ್ಲಿದ್ದವರು ಸತ್ತಿದ್ದಾರೆ, ನೋಡುವವರಿಗೆ ಗುಟ್ಟು ತಿಳಿದಿದೆ. ಇಷ್ಟಾದರೂ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಇಂಥ ಉತ್ತರಭಾಗಗಳು ಸಾಲುಸಾಲಾಗಿ ಬಂದಿವೆ. ಮೂಲ ಚಿತ್ರದ ಎತ್ತರಕ್ಕೆ ಏರಿದವು ಬೆರಳೆಣಿಕೆಯಷ್ಟು.

ಈ ಬಗೆಯ ಬೇರು 1980ರ ಇಟಲಿಯಲ್ಲಿದೆ. ರುಜೆರೊ ದೆಯೊದಾತೊ ನಿರ್ದೇಶಿಸಿದ 'ಕ್ಯಾನಿಬಲ್ ಹಾಲೋಕಾಸ್ಟ್' ನೋಡಿದವರು ಅದನ್ನು ಎಷ್ಟು ನಿಜವೆಂದು ನಂಬಿದರೆಂದರೆ, ತನ್ನ ನಟರು ಜೀವಂತ ಇದ್ದಾರೆಂದು ಆತ ನ್ಯಾಯಾಲಯಕ್ಕೆ ಸಾಬೀತು ಮಾಡಬೇಕಾಯಿತು. ಆದರೆ ಈ ಹಾದಿಯನ್ನು ಹೆದ್ದಾರಿ ಮಾಡಿದ್ದು 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್'. ಡೇನಿಯಲ್ ಮೈರಿಕ್ ಮತ್ತು ಎಡ್ವಾರ್ಡೊ ಸ್ಯಾಂಚೆಸ್ ಮೂವರು ನಟರ ಕೈಗೆ ಕ್ಯಾಮೆರಾ ಕೊಟ್ಟು ಮೇರಿಲ್ಯಾಂಡ್‌ನ ಕಾಡಿಗೆ ಕಳಿಸಿದರು. ದಿನದಿನಕ್ಕೂ ಊಟ ಕಡಿಮೆ ಮಾಡುತ್ತ ಬಂದರು, ರಾತ್ರಿ ಗುಡಾರ ಅಲುಗಾಡಿಸಿದರು. ಮಾತೆಲ್ಲ ಬಹುಪಾಲು ನಟರದೇ. ಹತ್ತಾರು ಸಾವಿರ ಡಾಲರುಗಳಲ್ಲಷ್ಟೇ ಚಿತ್ರೀಕರಿಸಿದ ಈ ಚಿತ್ರ ಜಗತ್ತಿನಾದ್ಯಂತ ಸುಮಾರು 25 ಕೋಟಿ ಡಾಲರ್ ಗಳಿಸಿತು. ಅದರ ಹೆಸರಿನಲ್ಲಿರುವ ಮಾಟಗಾತಿ ಒಮ್ಮೆಯೂ ಕಾಣುವುದಿಲ್ಲ. ಕಡ್ಡಿ ಕಟ್ಟಿದ ಗೊಂಬೆಗಳು, ಕಲ್ಲಿನ ಗುಡ್ಡೆಗಳು, ಕೊನೆಗೆ ಗೋಡೆಯ ಮೂಲೆಗೆ ಮುಖ ಮಾಡಿ ನಿಂತ ಒಬ್ಬ ಹುಡುಗ. ಇಷ್ಟಕ್ಕೇ ಎದೆ ನಡುಗುತ್ತದೆ.

ಮರುವರ್ಷವೇ ಬಂದ ಅದರ ಉತ್ತರಭಾಗ 'ಬುಕ್ ಆಫ್ ಶ್ಯಾಡೋಸ್' ಟೇಪನ್ನೇ ಬಿಟ್ಟುಕೊಟ್ಟಿತು. ಸಾಕ್ಷ್ಯಚಿತ್ರಗಳಿಂದ ಹೆಸರಾದ ಜೋ ಬರ್ಲಿಂಜರ್ ಅದರ ನಿರ್ದೇಶಕ. ಮೊದಲ ಚಿತ್ರ ನೋಡಿ ಮರುಳಾದ ಒಂದು ಗುಂಪು ಅದೇ ಕಾಡಿಗೆ ಹೋಗುವ ಕಥೆ. ಯೋಚನೆ ಚುರುಕಾಗಿಯೇ ಇತ್ತು. ಆದರೆ ನಿರ್ಮಾಣ ಸಂಸ್ಥೆ ರಕ್ತದ ದೃಶ್ಯಗಳನ್ನು ತುರುಕಿ ಚಿತ್ರವನ್ನು ಮತ್ತೆ ಕತ್ತರಿಸಿತು. ಹದಿನಾರು ವರ್ಷಗಳ ನಂತರ, 2016ರಲ್ಲಿ, ಆಡಮ್ ವಿಂಗಾರ್ಡ್ 'ಬ್ಲೇರ್ ವಿಚ್' ತಂದರು. ಮೊದಲ ಚಿತ್ರದಲ್ಲಿ ಕಾಣೆಯಾದ ಅಕ್ಕನನ್ನು ಹುಡುಕುವ ತಮ್ಮ, ಕಿವಿಗೆ ಸಿಕ್ಕಿಸಿಕೊಳ್ಳುವ ಕ್ಯಾಮೆರಾ, ಡ್ರೋನ್. ಎಲ್ಲವೂ ಹೆಚ್ಚಾಗಿತ್ತು, ಸದ್ದೂ ಹೆಚ್ಚಾಗಿತ್ತು. ಮೊದಲ ಚಿತ್ರದ ಮೌನದಲ್ಲಿದ್ದ ಭಯ ಆ ಗದ್ದಲದಲ್ಲಿ ಕರಗಿಹೋಯಿತು.

ಒರೆನ್ ಪೆಲಿ ಸ್ಯಾನ್ ಡಿಯಾಗೋದ ತಮ್ಮ ಮನೆಯಲ್ಲೇ, ಸುಮಾರು 15,000 ಡಾಲರ್‌ನಲ್ಲಿ ಮಾಡಿದ 'ಪ್ಯಾರಾನಾರ್ಮಲ್ ಆಕ್ಟಿವಿಟಿ' 2009ರಲ್ಲಿ ತೆರೆಗೆ ಬಂತು. ಮಲಗುವ ಕೋಣೆಯಲ್ಲಿ ಅಲುಗಾಡದೆ ನಿಂತ ಒಂದು ಕ್ಯಾಮೆರಾ, ಓಡುವ ಗಡಿಯಾರ, ತಾನಾಗಿ ಸರಿಯುವ ಬಾಗಿಲು. ಇದರ ಉತ್ತರಭಾಗಗಳು ಒಂದು ಜಾಣತನ ತೋರಿದವು: ಕಥೆಯನ್ನು ಹಿಂದಕ್ಕೆ ಒಯ್ದವು. ಎರಡನೆಯದು ಮೊದಲ ಚಿತ್ರದ ನಾಯಕಿಯ ತಂಗಿಯ ಮನೆಯ ಕಾವಲು ಕ್ಯಾಮೆರಾಗಳ ಕಣ್ಣಿನಲ್ಲಿ ನಡೆಯುತ್ತದೆ. ಮೂರನೆಯದು 1988ಕ್ಕೆ ಹೋಗುತ್ತದೆ. ಅಲ್ಲಿ ಮದುವೆ ವಿಡಿಯೋ ತೆಗೆಯುವವನೊಬ್ಬ ಟೇಬಲ್ ಫ್ಯಾನಿನ ಬುಡಕ್ಕೆ ಕ್ಯಾಮೆರಾ ಕಟ್ಟುತ್ತಾನೆ. ಅದು ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ನಿಧಾನವಾಗಿ ತಿರುಗುತ್ತದೆ. ಆಚೆ ತಿರುಗಿದಾಗ ಈಚೆ ಏನಾಗುತ್ತಿದೆಯೋ ಎಂದು ಉಸಿರು ಬಿಗಿಹಿಡಿದು ಕಾಯುತ್ತೇವೆ. ಭಯದ ವ್ಯಾಕರಣಕ್ಕೆ ಒಂದು ಫ್ಯಾನು ಹೊಸ ಸೂತ್ರ ಸೇರಿಸಿತು ಎನ್ನಲು ನನಗೆ ಹಿಂಜರಿಕೆಯಿಲ್ಲ. ಆಮೇಲಿನ ಭಾಗಗಳು ಆ ಕುಟುಂಬದ ಶಾಪಕ್ಕೆ ವಿವರಣೆ ಕೊಡುತ್ತ ಕೊಡುತ್ತ ಸೊರಗಿದವು.

ಈಗ ಸ್ಪೇನಿನ 'ರೆಕ್'. ಜೌಮೆ ಬಲಗೆರೊ ಮತ್ತು ಪಾಕೊ ಪ್ಲಾಸಾ 2007ರಲ್ಲಿ ಮಾಡಿದ ಚಿತ್ರದಲ್ಲಿ ಅಗ್ನಿಶಾಮಕ ದಳದ ಜತೆ ಹೋದ ಟಿವಿ ವರದಿಗಾರ್ತಿ ಆಂಜೆಲಾ ಬಾರ್ಸಿಲೋನಾದ ಒಂದು ಕಟ್ಟಡದೊಳಗೆ ಸಿಕ್ಕಿಬೀಳುತ್ತಾಳೆ. ಕೊನೆಗೆ ಅವಳನ್ನು ಕತ್ತಲು ಎಳೆದುಕೊಳ್ಳುತ್ತದೆ. 2009ರ 'ರೆಕ್ 2' ಅದೇ ರಾತ್ರಿ, ಕೆಲವೇ ನಿಮಿಷಗಳ ನಂತರ ಶುರುವಾಗುತ್ತದೆ. ಈ ಸಲ ಪೊಲೀಸರ ಹೆಲ್ಮೆಟ್ಟುಗಳಲ್ಲಿ ಕ್ಯಾಮೆರಾ; ನಡುವೆ ಥಟ್ಟನೆ ಕಥೆ ನಿಂತು ಇನ್ನೊಂದು ಗುಂಪಿನ ಹುಡುಗರ ಕ್ಯಾಮೆರಾದಿಂದ ಅದೇ ಹೊತ್ತನ್ನು ನೋಡುತ್ತೇವೆ. ಮೊದಲ ಭಾಗದಲ್ಲಿ ಕಟ್ಟಡದೊಳಗೆ ಹರಡಿದ ರೋಗವೆಂದುಕೊಂಡಿದ್ದು ದೆವ್ವ ಎಂದು ಚಿತ್ರ ಬಿಚ್ಚಿಹೇಳುತ್ತದೆ, ನಿಜ. ಅಲ್ಲಿ ಮೂಲದ ನಿಗೂಢತೆ ತುಸು ಸವೆಯುತ್ತದೆ. ಆದರೆ ಕೆಲವು ಸಂಗತಿಗಳು ಕತ್ತಲಲ್ಲಿ, ನೈಟ್ ವಿಷನ್ ಕ್ಯಾಮೆರಾದ ಮೂಲಕ ಮಾತ್ರ ಕಾಣುತ್ತವೆ ಎಂಬ ಕಲ್ಪನೆ ಆ ನಷ್ಟವನ್ನು ತುಂಬಿಕೊಡುತ್ತದೆ. ಸಾವು ಎದುರಿಗಿದ್ದರೂ ಇವರೇಕೆ ಕ್ಯಾಮೆರಾ ಬಿಸಾಡುವುದಿಲ್ಲ ಎಂಬ ಹಳೆಯ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ಪ್ಲಾಸಾ ಒಬ್ಬರೇ ಮಾಡಿದ 2012ರ ಮೂರನೆಯ ಭಾಗ ಮದುವೆಮನೆಯ ವಿಡಿಯೋ ಆಗಿ ಆರಂಭವಾಗಿ, ಸ್ವಲ್ಪ ಹೊತ್ತಿಗೇ ಮಾಮೂಲಿ ಸಿನಿಮಾ ಆಗುತ್ತದೆ.

ಸದ್ದಿಲ್ಲದೆ ಗೆದ್ದ ಇನ್ನೊಂದು ಚಿತ್ರ ಪ್ಯಾಟ್ರಿಕ್ ಬ್ರೈಸ್ ಅವರ 'ಕ್ರೀಪ್ 2' (2017). ಮೊದಲ ಭಾಗದಲ್ಲಿ ಮಾರ್ಕ್ ಡುಪ್ಲಾಸ್ ನಟಿಸಿದ ವ್ಯಕ್ತಿ ಕೊಲೆಗಾರನೋ ಅಲ್ಲವೋ ಎಂಬುದೇ ಭಯ. ಎರಡನೆಯದರಲ್ಲಿ ಆತ ವಿಡಿಯೋ ತೆಗೆಯಲು ಬಂದ ಹೆಣ್ಣುಮಗಳಿಗೆ ಮೊದಲಿಗೇ ತಾನು ಕೊಲೆಗಾರನೆಂದು ಹೇಳಿಬಿಡುತ್ತಾನೆ. ಅವಳು ನಂಬದೆ ಉಳಿಯುತ್ತಾಳೆ. ಗುಟ್ಟು ಬಯಲಾದ ಮೇಲೂ ಭಯ ಉಳಿಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮಲ್ಲಿ ಹಿಂದಿಯ 'ರಾಗಿಣಿ ಎಂಎಂಎಸ್' (2011) ಈ ಶೈಲಿಯಲ್ಲಿ ಬಂತು. 2014ರ ಅದರ ಎರಡನೆಯ ಭಾಗ ಶೈಲಿಯನ್ನು ಕೈಬಿಟ್ಟು ಸನ್ನಿ ಲಿಯೋನ್ ಹೆಸರನ್ನು ನೆಚ್ಚಿಕೊಂಡಿತು. ಕನ್ನಡದಲ್ಲಿ ಕೆ. ಎಸ್. ಅಶೋಕ ಅವರ '6-5=2' 2013ರಲ್ಲಿ ತೆರೆಕಂಡಿತು. ಚಾರಣಕ್ಕೆ ಹೊರಟ ಸ್ನೇಹಿತರು, ಕಾಡು, ಒಂದು ಕ್ಯಾಮೆರಾ. ದೊಡ್ಡ ತಾರೆಯರಿಲ್ಲದೆ ಜನರನ್ನು ಚಿತ್ರಮಂದಿರಕ್ಕೆ ಎಳೆದ ಈ ಚಿತ್ರ ಮರುವರ್ಷ ಹಿಂದಿಗೂ ಹೋಯಿತು.

ಇಷ್ಟನ್ನೂ ಸಾಲಾಗಿ ನೋಡಿದರೆ ಸೋತವು ದೆವ್ವವನ್ನು ದೊಡ್ಡದು ಮಾಡಿದವು, ಗೆದ್ದವು ಕ್ಯಾಮೆರಾದ ಜಾಗ ಬದಲಿಸಿದವು. ಒಂದೇ ಒಂದು ಉತ್ತರಭಾಗ ನೋಡುವಷ್ಟು ಬಿಡುವಿದ್ದರೆ 'ರೆಕ್ 2' ನೋಡಿ. ಆದರೆ ಮೊದಲನೆಯದು ಮುಗಿದ ರಾತ್ರಿಯೇ, ದೀಪ ಹಾಕದೆ.