ಮುಖವಾಡದ ದಾರ

ವಿಮರ್ಶೆಯ ಲೋಕಕ್ಕೆ 1992ರಲ್ಲಿ ಒಂದು ಪದ ಬಂತು: ಪೋಸ್ಟ್‌ಮೆಮೊರಿ. ಮರಿಯಾನ್ ಹರ್ಶ್ ಎಂಬ ವಿಮರ್ಶಕಿ ಆರ್ಟ್ ಸ್ಪೀಗಲ್‌ಮನ್‌ನ ‘ಮೌಸ್’ ಎಂಬ ಚಿತ್ರಕಾದಂಬರಿಯ ಬಗ್ಗೆ ಬರೆಯುತ್ತಾ ಅದನ್ನು ಬಳಸಿದರು. ಅಪ್ಪ ಅವ್ವ ಕಂಡ ನರಕವನ್ನು ತಾವು ಕಾಣದೆಯೂ ಮಕ್ಕಳು ತಮ್ಮದೇ ನೆನಪಿನಂತೆ ಹೊತ್ತುಕೊಂಡು ಬದುಕುವುದು ಅದರ ಅರ್ಥ. ಪದ ಚೆನ್ನಾಗಿದೆ. ಆದರೆ ಅದರ ಮುಂದಿರುವ ‘ಪೋಸ್ಟ್’ ನಮ್ಮ ಕೇರಿಯ ಬಾಗಿಲಿಗೆ ಬಂದ ಕೂಡಲೇ ಎಡವುತ್ತದೆ. ನಾಜಿಗಳ ಶಿಬಿರಗಳು 1945ಕ್ಕೆ ಮುಚ್ಚಿದವು. ನಮ್ಮಲ್ಲಿ ಯಾವುದು ಯಾವತ್ತು ಮುಚ್ಚಿತು ಅಂತ ಯಾರಾದರೂ ಹೇಳಲಿ.

‘ಮೌಸ್’ ಎರಡು ಭಾಗಗಳಲ್ಲಿ 1986 ಮತ್ತು 1991ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು, ಪೋಲೆಂಡಿನವರು ಹಂದಿಗಳು. ಮಗ ಟೇಪ್ ರೆಕಾರ್ಡರ್ ಇಟ್ಟುಕೊಂಡು ಅಪ್ಪನ ಮುಂದೆ ಕೂರುತ್ತಾನೆ. ಅವ್ವನ ದಿನಚರಿಗಳೆಲ್ಲಿ ಅಂತ ಕೇಳಿದರೆ, ಅವಳು ಸತ್ತ ಮೇಲೆ ಅಪ್ಪನೇ ಸುಟ್ಟುಬಿಟ್ಟಿರುತ್ತಾನೆ. ಮಗ ಅಪ್ಪನನ್ನು ಕೊಲೆಗಾರ ಎನ್ನುತ್ತಾನೆ. ಇದನ್ನು ಓದುವಾಗ ನನಗೆ ಅನ್ನಿಸುವುದೇ ಬೇರೆ: ಸುಡಲಿಕ್ಕಾದರೂ ಅವರಿಗೊಂದು ದಿನಚರಿ ಇತ್ತಲ್ಲ! ಅಕ್ಷರವನ್ನೇ ಮುಟ್ಟಗೊಡದ ಮನೆಗಳಲ್ಲಿ ನೆನಪು ಕಥೆಯಾಗಿಯೂ ದಾಟಿ ಬರಲಿಲ್ಲ. ಅದು ದಾಟಿದ್ದು ಎಚ್ಚರಿಕೆಯಾಗಿ. ‘ಆ ಬೀದೀಲಿ ಚಪ್ಪಲಿ ಮೆಟ್ಕೊಂಡು ಹೋಗ್ಬ್ಯಾಡ ಕಣ್ಲಾ.’ ‘ಅವರ ಜಗಲಿ ಮ್ಯಾಲೆ ಕೂರಬ್ಯಾಡ.’ ಯಾಕೆ ಅಂತ ಕೇಳಿದರೆ ಅಜ್ಜಿ ಸುಮ್ಮನಾಗ್ತಾಳೆ. ಆ ಸುಮ್ಮನಿರುವುದರ ಒಳಗೆ ಯಾರದೋ ಬೆನ್ನಿನ ಬಾಸುಂಡೆ ಇದೆ.

ಯಲಹಂಕದ ಪಕ್ಕದ ಅಲ್ಲಾಳಸಂದ್ರವನ್ನೇ ತಗೊಳ್ಳಿ. ಸಂದ್ರ ಎಂದರೆ ಸಮುದ್ರ, ಅಂದರೆ ಕೆರೆ. ಕೆರೆಯ ಹೆಸರಿನಲ್ಲೇ ಹುಟ್ಟಿದ ಊರುಗಳು ಈ ಸೀಮೆಯಲ್ಲಿ ತುಂಬಾ. ಇಂಥ ಕೆರೆಯೂರುಗಳಲ್ಲಿ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿ ಹಲವೆಡೆ ಹೊಲಗೇರಿಯವನು. ಊರಿನ ಪೈರಿಗೆಲ್ಲ ನೀರು ಕೊಟ್ಟವನು ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಶಾನುಭೋಗರ ಲೆಕ್ಕದಲ್ಲಿ ಎಕರೆ ಗುಂಟೆ ಇರುತ್ತಿತ್ತು, ನೀರುಗಂಟಿಯ ಬಾಯಾರಿಕೆ ಇರುತ್ತಿರಲಿಲ್ಲ.

ಆ ಬಾಯಾರಿಕೆಗೆ ಚಿತ್ರ ಸಿಕ್ಕಿದ್ದು 2011ರ ‘ಭೀಮಾಯನ’ದಲ್ಲಿ. ಬರೆದವರು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್, ಚಿತ್ರಿಸಿದವರು ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್. (ಚಿತ್ರಕಥೆ ಬೆಂಗಳೂರಿಗೆ ಹೊಸದಲ್ಲ. ಅಮರ ಚಿತ್ರ ಕಥೆ ಶುರುವಾದದ್ದೇ 1965ರಲ್ಲಿ, ಇಲ್ಲಿ, ಕನ್ನಡದಲ್ಲಿ. ಆದರೆ ಅದು ಹೆಚ್ಚಾಗಿ ದೇವರು ಮತ್ತು ರಾಜರ ಮನೆಯ ನೆನಪು.) ವ್ಯಾಮ್ ದಂಪತಿ ತಮ್ಮ ಜನರನ್ನು ಚೌಕದೊಳಗೆ ಕೂಡಿಹಾಕಲು ಒಪ್ಪಲಿಲ್ಲ. ಪುಟದ ತುಂಬ ಚೌಕಟ್ಟಿಲ್ಲದೆ ಚಿತ್ರ ಹರಿಯುತ್ತದೆ. ಮೃದು ಮಾತು ಹಕ್ಕಿಯ ಆಕಾರದಲ್ಲಿ ಬಂದರೆ, ಜಾತಿಯ ಮಾತಿಗೆ ಚೇಳಿನ ಕೊಂಡಿ.

ಕಥೆ ಬಾಬಾಸಾಹೇಬರೇ ಬರೆದಿಟ್ಟ ನೆನಪುಗಳದ್ದು. 1901ರಲ್ಲಿ ಗೋರೆಗಾಂವ್‌ನಲ್ಲಿದ್ದ ಅಪ್ಪನನ್ನು ನೋಡಲು ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಜಾತಿ ತಿಳಿದ ಮೇಲೆ ಗಾಡಿ ಹೊಡೆಯುವವರಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆಯುತ್ತಾನೆ. ನೀರು ಬೇಕಾದರೆ ಮುಸಲ್ಮಾನರು ಅಂತ ಹೇಳಿ ಎಂಬುದು ಅವನ ಉಪದೇಶ. ಹೇಳಿದರೂ ನೀರು ಸಿಗಲಿಲ್ಲ. ಮುಂದೆ 1917ರಲ್ಲಿ, ವಿದೇಶದಲ್ಲಿ ಓದಿ ಬಂದ ಅದೇ ಹುಡುಗ ಬರೋಡದ ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ತಂಗಬೇಕಾಯಿತು. ಗೊತ್ತಾದಾಗ ದೊಣ್ಣೆ ಹಿಡಿದವರು ಬಂದು ಹೊರಗಟ್ಟಿದರು.

‘ಮೌಸ್’ನಲ್ಲಿ ತಲೆಮರೆಸಿಕೊಂಡ ಯಹೂದಿ ಹಂದಿಯ ಮುಖವಾಡ ಹಾಕಿಕೊಳ್ಳುತ್ತಾನೆ. ಆ ಮುಖವಾಡ ಕಟ್ಟಿದ ದಾರವನ್ನೂ ಸ್ಪೀಗಲ್‌ಮನ್ ಬರೆದು ತೋರಿಸುತ್ತಾನೆ. ಚಿತ್ರಕಾದಂಬರಿಯ ಶಕ್ತಿ ಇರುವುದು ಈ ದಾರದಲ್ಲಿ ಅಂತ ನನ್ನ ನಂಬಿಕೆ. ಮುಖವಾಡವನ್ನೂ ಒಳಗಿನ ಮುಖವನ್ನೂ ಒಟ್ಟಿಗೆ ಒಂದೇ ನೋಟದಲ್ಲಿ ಕೊಡುವುದು ಗದ್ಯಕ್ಕೆ ಕಷ್ಟ. ಬಳ್ಳಾರಿ ರಸ್ತೆಯ ಈ ಬದಿಯಲ್ಲಿ ಬಾಡಿಗೆ ಮನೆ ಹುಡುಕುವ ನಮ್ಮ ಹುಡುಗರಿಗೆ ‘ನೀವು ಯಾವ ಜನ?’ ಎಂಬ ಪ್ರಶ್ನೆ ಬಂದಾಗ ನಾಲಿಗೆಗೆ ಬರುವ ಉತ್ತರವೂ ಇಂಥದ್ದೇ ಮುಖವಾಡ. ಅದನ್ನು ಕಟ್ಟಿಕೊಳ್ಳಲು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಮನೆಯಿಂದ ಬಂದ ಆಸ್ತಿ ಅದು.

ಇಲ್ಲಿಂದ ಚಿಂತಾಮಣಿಗೆ ಬಸ್ಸಿನಲ್ಲಿ ಎರಡು ಗಂಟೆ ಚಿಲ್ಲರೆ. ಆ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳ ಖುಲಾಸೆಯಾಯಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಣ್ಣಾರೆ ಕಂಡವನು ಬಾಯಿ ಬಿಡದಿದ್ದರೆ ಕಾನೂನಿಗೆ ಕೈಯಿಲ್ಲ. ಕೇಳಿ ತಿಳಿದವನ ಮಾತು ಅದಕ್ಕೆ ಸಾಕ್ಷಿಯಲ್ಲ. 1872ರ ಸಾಕ್ಷ್ಯ ಕಾಯಿದೆ ಹೇಳಿದ್ದೂ ಅದೇ, 2024ರ ಜುಲೈಯಲ್ಲಿ ಅದರ ಜಾಗಕ್ಕೆ ಬಂದ ಕಾಯಿದೆ ಹೇಳುವುದೂ ಅದೇ. ಆದರೆ ‘ಮೌಸ್’ ಪೂರ್ತಿ ಕೇಳಿ ತಿಳಿದವನ ಮಾತು. ಆ ಮಗ ಆಶ್‌ವಿಟ್ಜ್ ಶಿಬಿರದಲ್ಲಿ ಇರಲೇ ಇಲ್ಲ.

ಕಂಬಾಲಪಲ್ಲಿಯನ್ನು ಬರೆಯಹೊರಡುವ ಚಿತ್ರಗಾರ ಬೆಂಕಿಯಿಂದಲೇ ಶುರು ಮಾಡುತ್ತಾನೆ. ಬೆಂಕಿ ಬರೆಯುವುದು ಸುಲಭ, ನೋಡುವವರಿಗೂ ಅದೇ ಬೇಕು. ಕಷ್ಟದ ಪುಟ ಮುಂದಿದೆ: ಕೋರ್ಟಿನ ಕಟಕಟೆಯಲ್ಲಿ ನಿಂತು ‘ನಾನೇನೂ ನೋಡಿಲ್ಲ ಸ್ವಾಮಿ’ ಅನ್ನುವ ಸಾಕ್ಷಿ, ಸಂಜೆ ಅವನು ವಾಪಸು ಹೋಗಬೇಕಾದ ಅದೇ ಊರು, ಅಲ್ಲಿ ಕಾಯುತ್ತಿರುವ ಅವನ ಮಕ್ಕಳು. ಅವನನ್ನು ಹೇಡಿಯಾಗಿ ಬರೆಯುವುದೋ, ಮುಖವಾಡದ ದಾರ ಕಾಣುವ ಹಾಗೆ ಬರೆಯುವುದೋ?